ಮಿಯಾಪುರದ ಪಾರ್ಕಿಂಗಿನಲ್ಲಿ ದೋಣಿ

ಎರಡು ಸಾವಿರದ ನಾಲ್ಕರ ಸುಮಾರಿಗೆ ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿಗೆ ವಾರಕ್ಕೊಂದು ಹೊಸ ಕಾರು ನಿಂಬೆಹಣ್ಣು ತುಳಿದು ಬರುತ್ತಿತ್ತು. ಹೈಟೆಕ್ ಸಿಟಿ ಎಲ್ಲರಿಗೂ ಕಾರು ಕೊಟ್ಟಿತ್ತು, ನಿಲ್ಲಿಸಲು ಜಾಗ ಕೊಟ್ಟಿರಲಿಲ್ಲ. ಅಂಥ ಕಾಲದಲ್ಲಿ ಸುಭದ್ರಾಬಾಯಿ ತಮ್ಮ ಪಾಲಿನ ಪಾರ್ಕಿಂಗಿನಲ್ಲಿ ಒಂದು ದೋಣಿ ಇಟ್ಟುಕೊಂಡಿದ್ದರು.

ಹಳೆಯ ಫೈಬರ್ ದೋಣಿ. ಟೈರುಗಳ ಮೇಲೆ ಬೋರಲಾಗಿ ಮಲಗಿತ್ತು. ಸುಭದ್ರಾಬಾಯಿ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಪ್ರಾಯದಲ್ಲಿ ಹುಸೇನ್ ಸಾಗರದ ಪಂದ್ಯಗಳಲ್ಲಿ ಕಾರ್ಖಾನೆಯ ಇದೇ ದೋಣಿಗೆ ಹಾಯಿ ಕಟ್ಟಿ ಗಂಡಸರನ್ನು ಹಿಂದೆ ಹಾಕಿದ್ದರು. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅದನ್ನು ಕಾರ್ಖಾನೆ ಗುಜರಿಗೆ ಹಾಕಲು ಹೊರಟಾಗ ಮನೆಗೆ ತಂದಿದ್ದರು.

“ನಮ್ಮ ಸಿಂದಗ್ಯಾಗ ಹಂಡೇ ತುಂಬಿದ್ರ ಹಬ್ಬ. ಅಲ್ಲಿಂದ ಬಂದಾಕಿಗೆ ದೋಣಿ ಹುಚ್ಚು ನೋಡ್ರಿ,” ಎನ್ನುವುದು ಪತಿ ಬಸವಲಿಂಗಪ್ಪನವರ ನಿತ್ಯದ ದೂರು.

ನಮ್ಮ ದೂರು ಬೇರೆ. ದೋಣಿಯ ಹೊರಮೈ ಸತ್ತು ಸುಣ್ಣದಂತೆ ಉದುರುತ್ತಿತ್ತು. ಪಕ್ಕದಲ್ಲಿ ನುಸುಳಿ ಕಾರು ಹತ್ತಿದವರ ಪ್ಯಾಂಟಿಗೆಲ್ಲ ಬಿಳಿ ಪಟ್ಟೆ. ಮೂರನೆಯ ಮಹಡಿಯ ಅಯ್ಯಂಗಾರ್ಯರೂ ವಿಭೂತಿ ಧರಿಸಿ ಆಫೀಸಿಗೆ ಹೋಗುವಂತಾಯಿತು.

ಅಸೋಸಿಯೇಷನ್ನಿನ ಕಾರ್ಯದರ್ಶಿ ಗೋಪಿನಾಥ ಮೈಸೂರಿನವನು, ಪ್ರಾಜೆಕ್ಟ್ ಮ್ಯಾನೇಜರ್. ಎರಡನೆಯ ಕಾರು ಕೊಂಡಿದ್ದರಿಂದ ಅವನ ನ್ಯಾಯಬುದ್ಧಿ ಹರಿತವಾಗಿತ್ತು.

“ಆಂಟಿ, ಬೇಜಾರ್ ಮಾಡ್ಕೋಬೇಡಿ. ಮುಂದಿನ ತಿಂಗಳ ಮೀಟಿಂಗಲ್ಲಿ ಒಂದು ಕಪ್ಪು ಬಟ್ಟೆ ಒರೆಸಿ ನೋಡೋಣ. ಬಿಳಿ ಹತ್ತಿದ್ರೆ ಮಾರನೇ ದಿನ ಗುಜರಿ.”

“ಹತ್ತಲಿಲ್ಲಂದ್ರ?”

“ಆಮೇಲೆ ದೋಣಿ ವಿಷಯ ನಾನು ಎತ್ತೋದೇ ಇಲ್ಲ.”

“ಬಟ್ಟಿ ಯಾಕ್ರಿ? ಫಾರಿನ್ ಮಂದಿ ಬಂದಾಗ ಹಾಕ್ಕೋತೀರಲ್ಲ, ಆ ಕರೀ ಕೋಟೇ ತರ್ರಿ.”

ಕಾರಿನ ಗ್ಯಾರೇಜಿನವನೊಬ್ಬ ಪಾಲಿಶ್ ಮಷೀನು ಕೊಡಲು ಒಪ್ಪಿದ. ಮರುದಿನವೇ ನೋಟೀಸು ಬೋರ್ಡಿನಲ್ಲಿ, ಎಲ್ಲರ ಕರೆಂಟನ್ನು ಸ್ವಂತ ದೋಣಿಗೆ ಬಳಸುವಂತಿಲ್ಲ ಎಂದು ಬಂತು. ಕೈಯೇ ಗತಿಯಾಯಿತು.

ಮೊದಲು ಕೈಕೊಟ್ಟದ್ದು ನೆಲಮಹಡಿಯ ಉಮಾಬಾಯಿಯ ಸಲಹೆ. ಬೀದರಿನವರು. “ಹಳೀ ಬಾಗಲಕ್ಕ ಎಣ್ಣಿ ಹಚ್ಚಂಗಿಲ್ಲೇನು? ಶೇಂಗಾ ಎಣ್ಣಿ ತಗೊಂಡು ಬಡೀರಿ, ಹೆಂಗ ಥಳಥಳ ಅಂತದ ನೋಡ್ರಿ.”

ಅಂದಂತೆಯೇ ಹೊಳೆಯಿತು. ಬೂದಿಯೊಳಗಿಂದ ಒಂದು ನೀಲಿ ಇಣುಕಿತು. ಬಸವಲಿಂಗಪ್ಪನವರು ಸ್ವತಃ ತಾವೇ ಉಜ್ಜಿದವರಂತೆ ಮಂದಿಯನ್ನು ಕರೆತಂದು ತೋರಿಸಿದರು. ಸಂಜೆ ಗಾಳಿ ಎದ್ದಿತು. ರಸ್ತೆಯಾಚೆ ಏಳುತ್ತಿದ್ದ ಹೊಸ ಟವರುಗಳ ಧೂಳೆಲ್ಲ ಬಂದು ಎಣ್ಣೆಯ ಮೇಲೆ ಕೂತಿತು. ಬೆಳಿಗ್ಗೆ ನೋಡಿದರೆ ದೋಣಿ ಚಟ್ನಿಪುಡಿ ಉದುರಿಸಿದ ಎಣ್ಣೆ ರೊಟ್ಟಿಯಂತಿತ್ತು. ಗೋಪಿನಾಥ ನಗಲಿಲ್ಲ, ಫೋಟೋ ತೆಗೆದುಕೊಂಡ.

ಸುಭದ್ರಾಬಾಯಿ ಸೀಗೆಪುಡಿ ಕಲಸಿ ದೋಣಿಗೆ ಅಭ್ಯಂಜನ ಮಾಡಿಸಿದರು. ಆಮೇಲೆ ವಾಟರ್ ಪೇಪರ್ ಎಂಬ ಉಜ್ಜುಕಾಗದ ನೆನೆಸಿ ಉಜ್ಜಲು ಕೂತರು. ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. ಸತ್ತ ಪದರ ಹೋಗಬೇಕು, ಕೆಳಗಿನ ಜೀವಂತ ಪದರ ಉಳಿಯಬೇಕು. ಹೆಚ್ಚು ಉಜ್ಜಿದರೆ ಫೈಬರಿನ ನಾರು ಕಾಣುತ್ತದೆ, ಅಲ್ಲಿಗೆ ಮುಗಿಯಿತು. ರೊಟ್ಟಿಯಗಲದ ಒಂದೊಂದೇ ಜಾಗ ಹಿಡಿದು, ಅಂಗೈ ಸವರಿ ಸಮಾಧಾನವಾಗುವ ತನಕ ಮುಂದೆ ಸರಿಯುತ್ತಿರಲಿಲ್ಲ.

ಎಣ್ಣೆಯ ಪಾಪಕ್ಕೆ ಉಮಾಬಾಯಿ ಆಚೆ ಬದಿಗೆ ಕೂತರು. ಮಾತು ಸೊಸೆಯಂದಿರ ಕಡೆ ತಿರುಗಿದಾಗ ಅವರ ಕೈ ಚುರುಕಾಗುತ್ತಿತ್ತು. ಅವರಿಗೆ ಇಬ್ಬರು ಸೊಸೆಯರಿದ್ದುದು ದೋಣಿಯ ಪುಣ್ಯ.

“ಉಮಾಬಾಯಿ, ದೋಣಿ ಮೂಗಿನ ಕಡೆ ಬಂದ್ರಿ. ಇಲ್ಲಿ ಪದರ ಭಾಳ ತೆಳು ಐತಿ. ಸಣ್ಣ ಸೊಸಿ ಸುದ್ದಿ ಬ್ಯಾಡ.”

“ಮತ್ತ ದೊಡ್ಡಾಕಿದು?”

“ಅಕಿದು ನಡೀತೈತಿ, ಹಗೂರಕ ಹೇಳ್ರಿ.”

ಬಸವಲಿಂಗಪ್ಪನವರು ನೀರು ಹೊತ್ತರು, ಗೊಣಗಿದರು, ಮತ್ತೆ ನೀರು ಹೊತ್ತರು. ಕೊನೆಗೆ ಪಾಲಿಶ್ ಕಾಂಪೌಂಡ್ ಹಚ್ಚಿ ತಿಕ್ಕಿ, ಮೇಣ ಸವರಿ, ಹಳೆಯ ಇಳಕಲ್ ಸೀರೆಯ ತುಂಡಿನಿಂದ ಒರೆಸಿದಾಗ ನಾವೆಲ್ಲ ಸುತ್ತ ನೆರೆದೆವು. ಬಿಳಿಯದು ಎಂದು ನಾವು ಬೈಯುತ್ತಿದ್ದ ದೋಣಿ ನವಿಲಿನ ಕತ್ತಿನ ನೀಲಿಗೆ ತಿರುಗಿತ್ತು.

ಭಾನುವಾರದ ಮೀಟಿಂಗು ಪಾರ್ಕಿಂಗಿನಲ್ಲೇ ಸೇರಿತು. ಗೋಪಿನಾಥ ಕೋಟು ತೊಟ್ಟೇ ಬಂದ, ಮಾತಿಗೆ ತಪ್ಪುವವನಲ್ಲ. ತೋಳನ್ನು ದೋಣಿಗೆ ಹಗುರವಾಗಿ ತಾಗಿಸಿ ನೋಡಿದ. ಏನೂ ಇಲ್ಲ.

“ಹಂಗಲ್ರೀ, ಒತ್ತಿ ಒರಸ್ರಿ! ನಿಮ್ಮ ಮಾವ ಕೊಡ್ಸಿದ ಕೋಟೇನ?” ಎಂದರು ಬಸವಲಿಂಗಪ್ಪನವರು.

ಒತ್ತಿ ಒರೆಸಿದ. ಈ ತುದಿಯಿಂದ ಆ ತುದಿಗೆ ನಡೆದ, ಬಗ್ಗಿ ಅಂಚಿನ ಕೆಳಗೂ ತೋಳು ತೂರಿಸಿದ. ಕಡೆಗೆ ಎಮ್ಮೆ ಗೋಡೆಗೆ ಮೈ ತಿಕ್ಕುವಂತೆ ಬೆನ್ನೊರಗಿಸಿ ಜಾರಿದ. ಸುಭದ್ರಾಬಾಯಿಯ ಕೈ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಗೋಪಿನಾಥ ಕೋಟು ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ, ಎತ್ತಿ ಹಿಡಿದ. ಕೋಟು ಕಡುಗಪ್ಪು.

ಮೊದಲು ಚಪ್ಪಾಳೆ ತಟ್ಟಿದವರು ಅಯ್ಯಂಗಾರ್ಯರು.

“ಸೋತೆ ಆಂಟಿ,” ಎಂದ ಗೋಪಿನಾಥ. ಆಮೇಲೆ ದನಿ ತಗ್ಗಿಸಿ, “ನನ್ನ ಹಳೇ ಕಾರಿನ ಬಾನೆಟ್ಟೂ ಹೀಗೇ ಬೆಳ್ಳಗಾಗಿದೆ. ಅದಕ್ಕೇನಾದ್ರೂ…”

“ಆಗ್ತೈತ್ರಿ, ಯಾಕಾಗೂದಿಲ್ಲ? ಎರಡು ಕೈ ಅದಾವಲ್ಲ ನಿಮಗ?”

ನಗು ಇಳಿಯುವ ಮೊದಲೇ ಅವರು ದೋಣಿ ತಿರುವಲು ಹೇಳಿದರು. ಎಂಟು ಮಂದಿ ಸಾಫ್ಟ್‌ವೇರಿನವರು ಏದುಸಿರು ಬಿಡುತ್ತ ಅದನ್ನು ಎತ್ತಿ ಮಗುಚಿ ಟೈರುಗಳ ಮೇಲಿಟ್ಟರು. ಸುಭದ್ರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತಿ, ಚುಕ್ಕಾಣಿಯ ಕಡೆ ನೆಟ್ಟಗೆ ಕೂತರು.

“ಎತ್ರಿ ಈಗ.”

“ಆಂಟಿ, ನೀವು ಇಳಿದ್ರೆ…”

“ಇಳಿಯಾಕಂತ ಹತ್ತಿಲ್ರಿ ನಾ. ಗೇಟಿನ ತನಕ ನಡೀರಿ.”

ಗೋಪಿನಾಥನೂ ಹೆಗಲು ಕೊಟ್ಟ. ಸಿಂದಗಿಯ ಬಸವಲಿಂಗಪ್ಪನವರು “ಹಟೋ, ಹಟೋ” ಎಂದು ಕೂಗುತ್ತ ಮುಂದೆ ನಡೆದರು. ಹೊಸ ಕಾರುಗಳು ಎರಡೂ ಬದಿ ಸಾಲಾಗಿ ನಿಂತಿದ್ದವು. ಎಂಥ ಕಾರು ಬಂದರೂ ಗೇಟಿನ ಒಂದೇ ಬಾಗಿಲು ತೆಗೆಯುವ ವಾಚ್‌ಮನ್ ಎದ್ದು ನಿಂತು ಎರಡನ್ನೂ ತೆರೆದ.