ಭಾನುವಿಗೆ ಸಾವಿರ ಗಜದ ರೈಫಲ್

ರೈಫಲ್ ಬೇಕೆಂದು ಭಾನುಪ್ರಿಯಾ ಕೇಳಿದ್ದು ಮಾರ್ಚಿನಲ್ಲಿ, ಟ್ರಾಯ್ ಊರಿನ ಕಣ್ಣಿನ ಡಾಕ್ಟರ ಬಳಿಯಿಂದ ಮನೆಗೆ ಬರುವಾಗ. ಅವಳ ಎರಡೂ ಕಣ್ಣುಗಳಲ್ಲಿ ನೋಟದ ನಡುಭಾಗ ಅಳಿಯುತ್ತಿದೆ, ಇದಕ್ಕೆ ಔಷಧಿಯಿಲ್ಲ, ಅದು ಪೂರ್ತಿ ಅಳಿಯಲು ಆರು ತಿಂಗಳೋ ಒಂದು ವರ್ಷವೋ ಹೇಳಲಾಗದು ಎಂದಿದ್ದರು ಡಾಕ್ಟರು. ನಾನು ಕಣ್ಣೊರೆಸಿಕೊಳ್ಳುತ್ತ ಡ್ರೈವ್ ಮಾಡುತ್ತಿದ್ದೆ. ನಾರ್ತ್‌ವಿಲ್ ಎಕ್ಸಿಟ್ ಹತ್ತಿರ ಬಂದಾಗ ನನ್ನ ಹೆಂಡತಿಯೇ ಮಾತು ತೆಗೆದಳು.

"ರೀ, ಅಳ್ಬೇಡಿ, ರೋಡ್ ನೋಡಿ. ನಂಗೊಂದು ಆಸೆ ಇದೆ. ಸಾವಿರ ಗಜದಿಂದ ಒಂದ್ಸಲ ಹೊಡೀಬೇಕು. ಕಣ್ಣು ಕಾಣೋವಾಗಲೇ."

ಮೈಸೂರಿನ ಕಾಲೇಜಿನಲ್ಲಿ ಅವಳು ಎನ್‌ಸಿಸಿಯ ಶೂಟಿಂಗ್ ತಂಡದಲ್ಲಿದ್ದವಳು. ಐದು ಗುಂಡುಗಳು ಒಂದೇ ತೂತಿನಲ್ಲಿ ಕೂತ ಗುರಿಕಾಗದವೊಂದು ನಮ್ಮ ಮದುವೆಯ ಆಲ್ಬಮ್‌ನೊಳಗೆ ಈಗಲೂ ಇದೆ. ಈ ದೇಶಕ್ಕೆ ಬಂದ ಮೇಲೆ ವೀಸಾ, ಮಗಳು, ಮನೆ ಎಂದು ವರ್ಷಗಳು ಹೋದವು. ಸಿಟಿಜನ್ ಆದ ಮೇಲಾದರೂ ಕೊಳ್ಳಬಹುದಿತ್ತು. ಮುಂದಿನ ವರ್ಷ ಅಂದುಕೊಂಡೆವು.

"ನೀವೇ ಆರಿಸಿ," ಎಂದಳು. "ನಂಗೆ ಸ್ಕ್ರೀನ್ ಮೇಲಿನ ಸಣ್ಣಕ್ಷರ ಓದೋಕಾಗ್ತಿಲ್ಲ."

ಆರಿಸುವುದೆಂದರೆ ನನಗೆ ಹೆದರಿಕೆ. ಹಗಲು ಕಾರ್ಖಾನೆ, ಸಂಜೆ ಕಾಲೇಜು ಎಂದು ಡಿಗ್ರಿ ಮುಗಿಸಿದವನು ನಾನು. ನನಗಿಂತ ಚೆನ್ನಾಗಿ ಓದಿದವರು ಯಾರೋ ನನ್ನ ತಪ್ಪು ಹಿಡಿಯುತ್ತಾರೆ ಎಂಬ ಅಳುಕು ಇಂದಿಗೂ ಹೋಗಿಲ್ಲ. ಪ್ಲಿಮತ್‌ನಲ್ಲಿ ಬ್ರೇಕಿನ ಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಹೊಸ ಭಾಗ ಬಂದರೆ, ಅದು ಏನೇನು ರೀತಿಯಲ್ಲಿ ಕೆಡಬಹುದು ಎಂದು ಸಾಲುಸಾಲಾಗಿ ಬರೆದು, ಒಂದೊಂದಕ್ಕೂ ಹತ್ತರೊಳಗೆ ಅಂಕ ಕೊಡುವುದು ಅಲ್ಲಿಯ ಕ್ರಮ. ರೈಫಲ್‌ಗೂ ಅಂಥದೇ ಪಟ್ಟಿ ಮಾಡಿದೆ. ಅದರಲ್ಲಿ ನಲವತ್ತೊಂದು ಸಾಲುಗಳಿದ್ದವು.

ಮೊದಲ ಪ್ರಶ್ನೆ ಕ್ಯಾಲಿಬರ್, ಅಂದರೆ ಗುಂಡಿನ ಅಳತೆ. ತ್ರೀ-ನಾಟ್-ಎಯ್ಟ್ ಹಳೆಯದು, ನಂಬಿಕಸ್ಥ. ಬ್ಯಾರೆಲ್ ಐದು ಸಾವಿರ ಗುಂಡಿನವರೆಗೆ ಬಾಳುತ್ತದೆ. ಆದರೆ ಭುಜಕ್ಕೆ ಒದೆತ ಹೆಚ್ಚು, ಸಾವಿರ ಗಜದಲ್ಲಿ ಗಾಳಿ ಅದನ್ನು ದೂರ ತಳ್ಳುತ್ತದೆ. ಸಿಕ್ಸ್-ಫೈವ್ ಕ್ರೀಡ್‌ಮೋರ್ ಮೃದು, ಗಾಳಿಗೆ ಕಡಿಮೆ ಬಗ್ಗುತ್ತದೆ, ಆದರೆ ಬ್ಯಾರೆಲ್ ಅಷ್ಟು ಬಾಳುವುದಿಲ್ಲ. ಆರು ಮಿಲಿಮೀಟರಿನದು ಇನ್ನೂ ಮೃದು, ಅದರ ಬ್ಯಾರೆಲ್ ಇನ್ನೂ ಬೇಗ ಸವೆಯುತ್ತದೆ. ಏಪ್ರಿಲ್, ಮೇ ಎರಡು ತಿಂಗಳೂ ನಾನು ಬ್ಯಾರೆಲ್ಲಿನ ಆಯುಸ್ಸನ್ನು ಲೆಕ್ಕ ಹಾಕುತ್ತ ಕೂತೆ.

"ಇದೇನ್ರೀ, ಬ್ರೇಕ್ ಪ್ಯಾಡಾ?" ಎಂದು ಭಾನು ಹಂಗಿಸಿದಳು. "ಕೆಟ್ಟು ಕಂಪನಿಗೆ ರೀಕಾಲ್ ಆಗುತ್ತೆ ಅಂತ ಭಯಾನಾ?"

"ಅಪ್ಪ, ಜಸ್ಟ್ ಪಿಕ್ ಒನ್," ಎಂದಳು ಮಗಳು ದಿಯಾ, ಫೋನಿನಿಂದ ತಲೆಯೆತ್ತದೆ.

ಜೂನ್ ಮಧ್ಯದಲ್ಲಿ ಸಿಕ್ಸ್-ಫೈವ್ ಎಂದು ನಿರ್ಧರಿಸಿದೆ. ರೈಫಲ್‌ಗಳನ್ನು ಜೋಡಿಸಿಕೊಡುವ ವಾಲ್ಟರ್ ಎಂಬ ಮುದುಕನನ್ನು ಪತ್ತೆ ಮಾಡಿದೆ. ಬ್ಯಾರೆಲ್, ಹಿಡಿ, ಗುರಿ ನೋಡುವ ಸ್ಕೋಪ್ ಎಲ್ಲ ಬರೆದುಕೊಂಡು ಹೊರಟಿದ್ದ ದಿನ ಕ್ಯಾಲೆಂಡರ್ ನೋಡಿದೆ. ಆಷಾಢ ಹುಟ್ಟಿತ್ತು. ನಮ್ಮ ಮನೆಯಲ್ಲಿ ಆಷಾಢದಲ್ಲಿ ಒಂದು ಈಳಿಗೆಮಣೆಯನ್ನೂ ಕೊಂಡವರಲ್ಲ. ಇಷ್ಟು ಜಾಗ್ರತೆಯಿಂದ ಆರಿಸಿದ್ದಕ್ಕೆ ಆ ಒಂದು ದೋಷವೇಕೆ ಎನ್ನಿಸಿತು.

"ಶ್ರಾವಣದಲ್ಲಿ ಆರ್ಡರ್ ಕೊಡೋಣ್ವಾ?" ಎಂದು ಕೇಳಿದೆ.

ಭಾನು, "ನಿಮ್ಮ ಮನಸ್ಸಿಗೆ ಸಮಾಧಾನ ಆಗೋ ಹಾಗೆ ಮಾಡಿ," ಎಂದಳು.

ಶ್ರಾವಣದಲ್ಲಿ ವಾಲ್ಟರ್ ಆರು ವಾರ ಕೇಳಿದ. ಅಷ್ಟರಲ್ಲಿ ಭಾನು ಟ್ರಾಯ್‌ನ ದೇವಸ್ಥಾನಕ್ಕೆ ಒಬ್ಬಳೇ ಡ್ರೈವ್ ಮಾಡುವುದನ್ನು ನಿಲ್ಲಿಸಿದ್ದಳು. ಕೇಳಿದರೆ, "ಟ್ರಾಫಿಕ್ ಬೇಜಾರು," ಎಂದಳು. ಕಾಫಿ ಲೋಟವನ್ನು ಕೈಯಿಂದ ತಡವಿ ತೆಗೆದುಕೊಳ್ಳುತ್ತಿದ್ದಳು. ನೋಡಿದೆ. ನೋಡಿಯೂ ಅವಳ ಮಾತನ್ನು ನಂಬುವುದೇ ನನಗೆ ಸುಲಭವಾಗಿತ್ತು.

ರೈಫಲ್ ಸಿದ್ಧವಾಯಿತೆಂದು ವಾಲ್ಟರ್ ಫೋನ್ ಮಾಡಿದ್ದು ಪಿತೃಪಕ್ಷದಲ್ಲಿ. ಇನ್ನೆರಡು ವಾರ ಕಳೆದರೆ ನವರಾತ್ರಿ. ಆಯುಧಪೂಜೆಗೆ ಮನೆಗೆ ತಂದು, ಪೂಜೆ ಮಾಡಿ, ಆಮೇಲೆ ಮೊದಲ ಗುಂಡು ಎಂದು ನಾನೇ ತೀರ್ಮಾನಿಸಿದೆ. ವಾಲ್ಟರ್ ಅದನ್ನು ನೂರು ಗಜಕ್ಕೆ ಸರಿಹೊಂದಿಸಿ, ಸಾವಿರ ಗಜಕ್ಕೆ ಸ್ಕೋಪಿನ ಗುಂಡಿಯನ್ನು ಎಷ್ಟು ತಿರುಗಿಸಬೇಕೆಂದು ಚೀಟಿಯಲ್ಲಿ ಬರೆದಿಟ್ಟ. ಹಬ್ಬದ ದಿನ ಖಾಲಿ ರೈಫಲ್ಲಿನ ಹಿಡಿಗೆ ಭಾನು ಅರಿಶಿನ ಕುಂಕುಮ ಹಚ್ಚಿದಳು. ಬೆರಳು ಎರಡು ಸಲ ಜಾಗ ತಪ್ಪಿತು.

ಆ ಶನಿವಾರ ಉತ್ತರಕ್ಕೆ ಮೂರು ಗಂಟೆ ಪ್ರಯಾಣ ಮಾಡಿದೆವು. ಫ್ಯಾರನ್‌ಹೀಟ್‌ನಲ್ಲಿ ನಲವತ್ತೈದು ಡಿಗ್ರಿ ಚಳಿ. ಶೂಟಿಂಗ್ ಮೈದಾನದ ಆ ಕೊನೆಯಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಬಿಳಿ ಬಣ್ಣ ಬಳಿದ ಉಕ್ಕಿನ ತಟ್ಟೆ. ಗುಂಡು ಅಲ್ಲಿಗೆ ಮುಟ್ಟಿ, ಟಣ್ ಎಂಬ ಸದ್ದು ವಾಪಸು ಬರಲು ನಾಲ್ಕು ಸೆಕೆಂಡು ಹಿಡಿಯುತ್ತದೆ. ಗುಂಡಿನ ಸಿಡಿತವನ್ನು ತಡೆದು ಸಣ್ಣ ಸದ್ದುಗಳನ್ನು ಮಾತ್ರ ಕೇಳಿಸುವ ಇಯರ್‌ಮಫ್‌ಗಳನ್ನೇ ಹುಡುಕಿ ತಂದಿದ್ದೆ.

ಭಾನು ಚಾಪೆಯ ಮೇಲೆ ಬೋರಲು ಮಲಗಿ ಹಿಡಿಯನ್ನು ಭುಜಕ್ಕೊತ್ತಿದಳು. ಇಪ್ಪತ್ತೈದು ವರ್ಷಗಳ ಮೇಲೂ ಅವಳ ಮೈಗೆ ಎಲ್ಲ ನೆನಪಿತ್ತು. ಉಸಿರು ಅರ್ಧ ಬಿಟ್ಟು ಹಿಡಿದಳು. ಹೊಡೆಯಲಿಲ್ಲ. ಮತ್ತೆ ಉಸಿರೆಳೆದಳು. ಬಹಳ ಹೊತ್ತಾಯಿತು. ನಾನು ಪಕ್ಕದಲ್ಲಿ ದುರ್ಬೀನಿನಲ್ಲಿ ನೋಡುತ್ತಿದ್ದೆ.

ಗುಂಡು ಹಾರಿತು. ತಟ್ಟೆಯಿಂದ ಬಹಳ ದೂರ, ದಿಬ್ಬದ ಎಡತುದಿಯಲ್ಲಿ ಮಣ್ಣು ಎದ್ದಿತು.

"ಬಿತ್ತಾ?"

"ಬಿತ್ತು, ಭಾನು. ಅಂಚಿಗೆ ತಾಗ್ತು."

ಅವಳು ನಾಲ್ಕು ಸೆಕೆಂಡು ಕಾದಳು. ಇನ್ನೂ ಸ್ವಲ್ಪ ಕಾದಳು.

"ಸುಳ್ಳು ಹೇಳ್ಬೇಡಿ ರೀ. ಕಿವಿ ಇನ್ನೂ ಚೆನ್ನಾಗಿದೆ."

ರೈಫಲ್ಲಿಂದ ಕೈ ತೆಗೆದು ಎದ್ದು ಕೂತಳು. "ಮರ ಕಾಣುತ್ತೆ, ದಿಬ್ಬದ ಎರಡು ತುದಿ ಕಾಣುತ್ತೆ. ತಟ್ಟೆ ಎಲ್ಲಿರಬೇಕೋ ಅಲ್ಲಿ ಮಾತ್ರ ಬೂದು ಕಲೆ. ಕಣ್ಣು ಎಲ್ಲಿ ತಿರುಗಿಸಿದ್ರೂ ಕಲೆ ಜೊತೇಲೇ ಬರುತ್ತೆ."

"ಯಾವಾಗಿಂದ?"

"ಆಷಾಢ ಮುಗಿಯೋ ಹೊತ್ತಿಗೆ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮ್ಮ ಪಟ್ಟೀಲಿ ಇನ್ನೊಂದು ಸಾಲು ಸೇರ್ತಿತ್ತು." ನೇರ ನನ್ನತ್ತ ತಿರುಗಿ ನಕ್ಕಳು. ಆ ಕಲೆಯಲ್ಲಿ ನನ್ನ ಮುಖವೂ ಅವಳಿಗೆ ಕಾಣುತ್ತಿಲ್ಲವೆಂದು ಆಗ ನನಗೆ ಹೊಳೆಯಿತು. "ನೀವು ಅಷ್ಟು ಖುಷಿಯಿಂದ ಆರಿಸ್ತಿದ್ರಿ. ನಾನಾಗೇ ನಿಲ್ಸೋಕೆ ಮನಸ್ಸು ಬರ್ಲಿಲ್ಲ. ಈಗ ನೀವು ಮಲಗಿ."

"ನಾನು ಯಾವತ್ತೂ ಹೊಡೆದಿಲ್ಲ."

"ನಾನಿಲ್ವಾ? ಮಲಗ್ರೀ."

ಮಲಗಿದೆ. ಸ್ಕೋಪಿನಲ್ಲಿ ತಟ್ಟೆ ಕೈಗೆ ಸಿಗುವಷ್ಟು ಹತ್ತಿರ ನಿಂತಿತ್ತು. ಅದರ ಬಣ್ಣ ಎದ್ದುಹೋದ ಜಾಗಗಳೂ, ಅದನ್ನು ತೂಗುಹಾಕಿದ ಸರಪಳಿಯ ಕೊಂಡಿಗಳೂ ಕಾಣುತ್ತಿದ್ದವು. ಭಾನು ನನ್ನ ಪಕ್ಕ ಕೂತು, ಮುಖವನ್ನು ಗಾಳಿಗೊಡ್ಡಿ, ಎಡದಿಂದ ಬೀಸುತ್ತಿದೆ, ತಟ್ಟೆಯ ಎಡ ಅಂಚಿಗೆ ಹಿಡಿಯಿರಿ ಎಂದಳು. ನನ್ನ ಬೆನ್ನ ಮೇಲೆ ಅಂಗೈ ಇಟ್ಟು ಉಸಿರನ್ನು ಲೆಕ್ಕ ಮಾಡಿದಳು. "ಬಿಡಿ... ಬಿಡಿ... ಈಗ."

ಮಣ್ಣು ತಟ್ಟೆಯ ಬಲಕ್ಕೆ ಎದ್ದಿತೆಂದು ಹೇಳಿದೆ.

"ಎಷ್ಟು ಬಲಕ್ಕೆ?"

"ತಟ್ಟೆಯ ಅರ್ಧ ಅಗಲ."

"ಅಷ್ಟೇ ಇನ್ನೂ ಎಡಕ್ಕೆ ಹಿಡೀರಿ. ಯೋಚನೆ ಮಾಡ್ಬೇಡಿ."

ಎರಡನೆಯದನ್ನು ಹೊಡೆದೆ. ತಟ್ಟೆ ಅಲುಗಿದ್ದು ನನಗೆ ಮೊದಲು ಕಂಡಿತು. ಹೇಳಲಿಲ್ಲ. ಬೆನ್ನ ಮೇಲಿನ ಅವಳ ಕೈ ಕಾಯುತ್ತಿತ್ತು. ಟಣ್ ಎಂದು ಸಣ್ಣಗೆ, ಅಷ್ಟು ದೂರದಿಂದ ಸದ್ದು ಬಂದು ತಲುಪಿತು. ಆ ಕೈ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ಕ್ಯಾಲಿಬರ್ ಸರಿಯಾಗೇ ಆರಿಸಿದೀರಿ, ರೀ," ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ.

"ಹೇಗಿದೆ? ಎಲ್ಲಿ ಬಿದ್ದಿದೆ, ಹೇಳಿ," ಎಂದು ಕೇಳಿದಳು.

ಬಿಳಿ ಬಣ್ಣದ ಮೇಲೆ, ನಡುವಿಗಿಂತ ಸ್ವಲ್ಪ ಕೆಳಗೆ, ನಾಣ್ಯದಷ್ಟು ಅಗಲದ ಕಪ್ಪು ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಕೋಪಿನಿಂದ ಕಣ್ಣು ತೆಗೆಯದೆ, ಅವಳು ನೋಡಬೇಕಿದ್ದ ಆ ಗುರುತನ್ನೇ ನೋಡುತ್ತಿದ್ದೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕಾಯುತ್ತ ಕೂತಳು.