ಹುಳದವರ ಊಟ

“ದೂರ ನಿಂತ್ಕೊಂಡು ಮಾತಾಡೇ, ಮುಂಡೇದೇ. ನಾತ ಹೊಡೀತೀಯ.”

ಧಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬೈದ. ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಸರಿಯಲಿಲ್ಲ.

ಮೀನಿನ ಕೊಳಗಳ ಹಿಂದೆ, ತಗಡಿನ ಶೆಡ್ಡಿನಲ್ಲಿ ನಾವಿಬ್ಬರೂ ನೊಣದ ಮರಿಹುಳ ಸಾಕುತ್ತೇವೆ. ಹೋಟೆಲ್ಲಿನ ಎಂಜಲು ಹುಳಕ್ಕೆ, ಹುಳ ಮೀನಿಗೆ, ಮೀನು ಧಣಿಗೆ ಮತ್ತು ಅವನಂಥ ದೊಡ್ಡ ಹೊಟ್ಟೆಗಳಿಗೆ. ಇಷ್ಟೂ ಮಂದಿಯಲ್ಲಿ ನಾತ ಹೊಡೆಯುವವರು ನಾವು ಮಾತ್ರವಂತೆ. ಅದಕ್ಕೇ ಕೊಳದವರು, ಲಾರಿಯವರು ಊಟದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಉಣ್ಣುತ್ತಾರೆ. ನಾವು ಎಂಜಲ ತೊಟ್ಟಿಯ ಪಕ್ಕದಲ್ಲಿ. ನಮಗೂ ಒಳಗೆ ಜಾಗ ಕೊಡಿ ಎಂದು ಕೇಳಲು ಹೋಗಿದ್ದೆವು.

“ಸೋಪು ಹಾಕಿ ತೊಳ್ಕೊಂಡು ಬರ್ತೀವಿ ಧಣಿ,” ಎಂದೆ.

“ನೀವು ಒಳಗೆ ಕಾಲಿಟ್ರೆ ಮಿಕ್ಕೋರು ಅನ್ನ ಬಿಟ್ಟು ಏಳ್ತಾರೆ. ನಡೀರಿ, ಬಂಡವಾಳ ಹಾಕೋರು ಬರೋ ಹೊತ್ತು.”

ಅವರು ಬಂದರು. ಕರವಸ್ತ್ರ ಜೇಬಿಗೆ ಹೋಯಿತು. ಅದೇ ಧಣಿ ಹುಳದ ತಟ್ಟೆಯ ಮುಂದೆ ನಿಂತು, ಹೆಣ್ಣು ತೋರಿಸುವ ಬ್ರೋಕರನಂತೆ ಹಲ್ಲು ಬಿಟ್ಟ.

“ಎಷ್ಟು ಶುದ್ಧ ಅಂದ್ರೆ ಸಾರ್, ಮನುಷ್ಯರೇ ತಿನ್ನಬಹುದು.”

“ತಿಂದು ತೋರ್ಸಿ, ನೋಡೋಣ,” ಎಂದ ಬಂದವರಲ್ಲಿ ಒಬ್ಬ ದಪ್ಪನೆಯವ.

ಧಣಿ ತಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಅತ್ತಿಗೆಯ ಕಡೆ ತಿರುಗಿದ. “ಏಯ್, ಒಂದೆರಡು ಬಾಯಿಗೆ ಹಾಕ್ಕೊಳೇ.”

ನನಗೆ ಮೈಯೆಲ್ಲ ಉರಿಯಿತು. ಆದರೆ ಬಾಯಿ ಬಿಟ್ಟವಳು ಅತ್ತಿಗೆ.

“ತಿಂತೀನಿ. ನಿಂತ್ಕೊಂಡು ತಿನ್ನೋಕೆ ನಾನೇನು ದನಾನ?”

ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದಳು. ಹುಳದ ತಟ್ಟೆ ಎತ್ತಿಕೊಂಡು ನೆಟ್ಟಗೆ ಊಟದ ಕೋಣೆಗೆ ನುಗ್ಗಿದಳು. ಎಲ್ಲರೂ ಹಿಂದೆ ಓಡಿದೆವು. ಒಳಗೆ ಉಣ್ಣುತ್ತಿದ್ದವರು ಯಾರೂ ಅನ್ನ ಬಿಟ್ಟು ಏಳಲಿಲ್ಲ. ಲಾರಿ ಡ್ರೈವರ್ ಬೆಂಚಿನಲ್ಲಿ ಸರಿದು ಜಾಗ ಬಿಟ್ಟ.

ಅತ್ತಿಗೆ ಫ್ಯಾನಿನ ಕೆಳಗೆ ಕೂತಳು. ಒಂದು ಹುಳ ಹೆಕ್ಕಿ ಬಾಯಿಗೆ ಹಾಕಿ ಅಗಿದಳು.

“ಉಪ್ಪು ಕಮ್ಮಿ,” ಎಂದಳು.

ಆಮೇಲೆ ಖಾಲಿ ತಟ್ಟೆಯೊಂದನ್ನು ಎಳೆದು, ಮಿಜಿಮಿಜಿ ಎನ್ನುವ ಹುಳಗಳನ್ನು ಎರಡು ಬೊಗಸೆ ತುಂಬ ಬಡಿಸಿ ಎದುರಿಗೆ ತಳ್ಳಿದಳು.

“ಇದು ನಿಮ್ಮ ಪಾಲು ಧಣಿ. ಕೂತ್ಕೊಳ್ಳಿ.”

ಯಾರೋ ಕಿಸಕ್ಕೆಂದರು. ದಪ್ಪನೆಯವ ಫೋನು ತೆಗೆದು ಹಿಡಿದ. ಕೆಲಸ ಹೋಯಿತು ಎಂಬುದು ನನಗೆ ಧಣಿಯ ಕಣ್ಣಲ್ಲೇ ಕಂಡಿತು. ಹೋದರೆ ಹೋಗಲಿ ಎಂದು ಅತ್ತಿಗೆಯ ಪಕ್ಕ ಕೂತು ನಮ್ಮ ಬುತ್ತಿ ಬಿಚ್ಚಿದೆ. ಹುಳವೊಂದು ತಟ್ಟೆಯ ಅಂಚು ಹತ್ತಿ, ಮೇಜು ಹಿಡಿದಿದ್ದ ಧಣಿಯ ಕೈಯ ಕಡೆ ಹೊರಟಿತ್ತು.

“ನಿಧಾನಕ್ಕೆ ತಿನ್ನಿ,” ಎಂದಳು ಅತ್ತಿಗೆ. “ಆರಿಹೋಗೋ ಅಡುಗೆ ಅಲ್ಲ.”