ನಿಂತದ್ದೋ ನಿಲ್ಲಿಸಿದ್ದೋ

ಮೇಜಿನ ಕೆಳಗೆ ಮೇಷ್ಟ್ರ ಬೂಟು ಟಪ್ ಟಪ್ ಎನ್ನುತ್ತಿದೆ, ಹೊಲಿಗೆ ಬಿಟ್ಟ ಎಡಗಾಲಿನದು, ಇಷ್ಟು ವರ್ಷ ಇವಳ ಸಂಶೋಧನೆಗೆ ದಾರಿ ತೋರಿಸಿದ ಮೇಷ್ಟ್ರು, ಇವಳಿಗಿಂತ ಅವರಿಗೇ ಹೆದರಿಕೆಯೇನೋ, ಎದುರಿಗೆ ಡಾಕ್ಟರೇಟ್ ಕೊಡಬಹುದೋ ಇಲ್ಲವೋ ಎಂದು ಹೇಳಲಿರುವ ಪರೀಕ್ಷಕಿ, ಗೋಡೆಯ ಮೇಲಿನ ಪರದೆಯಲ್ಲಿ ಅಮೆರಿಕದ ಕಾರು ಕಾರ್ಖಾನೆ ಎಡಕ್ಕೆ, ಜಪಾನಿನದು ಬಲಕ್ಕೆ, ನಡುವೆ ಮೇಷ್ಟ್ರಿಗೆ ಹೆಸರು ತಂದ ಕೋಷ್ಟಕ, ಅದರ ನೆತ್ತಿಯ ಮೇಲೆ ಅವರೇ ಬರೆದ ಮಾತು, ಲೈನು ನಿಂತದ್ದು — ಜಪಾನಿನಲ್ಲಿ ಕಾರು ಜೋಡಿಸುವ ಲೈನು ಮೂರು ಪಟ್ಟು ಹೆಚ್ಚು ಸಲ ನಿಂತಿದೆ, ಆದ್ದರಿಂದ ಅಮೆರಿಕದ್ದೇ ಗಟ್ಟಿ, ಇವಳ ಇಡೀ ಪ್ರಬಂಧ ಆ ಒಂದು ಮಾತಿನ ಹೆಗಲೇರಿ ಕೂತಿದೆ. ಆದರೆ ಆ ಕೈ, ಜಪಾನಿನಲ್ಲಿ ಮೇಷ್ಟ್ರೇ ತೆಗೆದ ವಿಡಿಯೊದಲ್ಲಿ ಬೂದು ಕೈಗವಸಿನ ಆ ಕೈ, ಕಾರಿನ ಬಾಗಿಲು ಕೂದಲೆಳೆಯಷ್ಟು ಓರೆ, ಕೈ ಮೇಲೇಳುತ್ತದೆ, ತಲೆಯ ಮೇಲಿನ ಹಗ್ಗ ಜಗ್ಗುತ್ತದೆ, ಲೈನು ನಿಲ್ಲುತ್ತದೆ, ಯಾರೂ ಬೈಯುವುದಿಲ್ಲ. ಅಮೆರಿಕದ ವಿಡಿಯೊದಲ್ಲಿ ಓರೆ ಬಾಗಿಲು ಹಾಗೇ ಮುಂದೆ ಹೋಯಿತು, ಕೊನೆಯಲ್ಲೊಬ್ಬ ಸುತ್ತಿಗೆ ಹಿಡಿದು ಕಾಯುತ್ತಿದ್ದ, ಅಲ್ಲಿ ಲೈನು ನಿಂತಿತೆಂದರೆ ಯಂತ್ರ ಕೆಟ್ಟಿತೆಂದೇ ಲೆಕ್ಕ. ಎಷ್ಟು ಸಲ ನೋಡಿಲ್ಲ ಈ ವಿಡಿಯೊಗಳನ್ನ, ಕಣ್ಣಿದ್ದೂ ಕುರುಡಿ, ಬೆಳಿಗ್ಗೆ ಗಂಡ ಅಡುಗೆಮನೆಯಿಂದ ಅಮ್ಮಾ ಲೋಟ ಬಿತ್ತು ಎನ್ನಬೇಕಾಯಿತು, ಅತ್ತೆ ತಿರುಗಿಯೂ ನೋಡದೆ ಬಿತ್ತೋ ಬೀಳಿಸಿದ್ಯೋ, ಲೋಟಕ್ಕೇನು ಕಾಲಿದ್ಯಾ ಎನ್ನಬೇಕಾಯಿತು, ಬಾಚಣಿಗೆ ಇವಳ ಕೂದಲಲ್ಲೇ ಸಿಕ್ಕಿಕೊಂಡಿತು — ಜಪಾನಿನಲ್ಲಿ ಲೈನು ನಿಂತದ್ದಲ್ಲ, ನಿಲ್ಲಿಸಿದ್ದು, ಕೋಷ್ಟಕದಲ್ಲಿ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿಬಿಟ್ಟಿದ್ದೇವೆ. ಹೊರಡುವಾಗ ಅತ್ತೆ, ಡಾಕ್ಟ್ರಾಗಿ ಬಾರೇ, ಮೊದಲು ನನ್ನ ಮಂಡಿ ನೋಡುವಿಯಂತೆ, ನಗು ಬರಲಿಲ್ಲ, ಇಲ್ಲಿ ಒಳಗೆ ಬರುವ ಮೊದಲು ವರಾಂಡದಲ್ಲೇ ಮೇಷ್ಟ್ರಿಗೆ ಇದನ್ನು ಹೇಳಿದ್ದಳು, ಅವರ ಮುಖ ಸುಣ್ಣವಾಯಿತು, ಕೂದಲು ಸೀಳಬೇಡಮ್ಮ, ಮೊದಲು ದಡ ಸೇರು, ದೋಣೀಲಿ ತೂತಿದ್ಯಾ ಅಂತ ಆಮೇಲೆ ನೋಡೋಣ. ಕೆಟ್ಟವರಲ್ಲ, ಇವಳು ಜ್ವರದಲ್ಲಿ ಮಲಗಿದಾಗ ಮಾತ್ರೆ ಹಿಡಿದು ಬಂದವರು, ಈ ಕೋಷ್ಟಕ ಬಿದ್ದರೆ ಅವರೂ ಬೀಳುತ್ತಾರೆ, ಬೀಳುವುದಲ್ಲ, ಇವಳೇ ಬೀಳಿಸಿದಂತೆ —

ಈ ಕೋಷ್ಟಕದ ಬಗ್ಗೆ ಏನಾದ್ರೂ ಹೇಳೋದಿದ್ಯೇನಮ್ಮ, ಇಲ್ಲಾಂದ್ರೆ ಮುಂದಕ್ಕೆ ಹೋಗೋಣ, ಪರೀಕ್ಷಕಿ ಕನ್ನಡಕ ಒರೆಸುತ್ತಿದ್ದಾರೆ, ಹೋಗೋಣ ಮೇಡಂ ಎಂದು ಇವಳ ಪರವಾಗಿ ಮೇಷ್ಟ್ರು, ಮುಂದಕ್ಕೆ, ಓರೆ ಬಾಗಿಲಿನ ಹಾಗೆ ಮುಂದಕ್ಕೆ, ಕೈಯಲ್ಲಿರುವ ರಿಮೋಟಿನ ಗುಂಡಿ ಒತ್ತಿದರಾಯಿತು, ಹೆಬ್ಬೆರಳು ಅದರ ಮೇಲೇ ಇದೆ, ಒತ್ತು, ಒತ್ತೇ, ಬೂದು ಕೈಗವಸು ಮೇಲೇಳುತ್ತದೆ, ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಪರದೆ ಬದಲಾಗಲಿಲ್ಲ, ಏನಾಯ್ತಮ್ಮ, ಯಂತ್ರ ನಿಂತುಹೋಯ್ತಾ, ಪರೀಕ್ಷಕಿ ಕೇಳುತ್ತಾರೆ, ಇಲ್ಲ ಮೇಡಂ, ನಾನೇ ನಿಲ್ಲಿಸಿದೆ — ಯಾರ ದನಿ ಇದು, ತನ್ನದೇ, ಮೇಷ್ಟ್ರ ಕಡೆ ತಿರುಗಲಾರಳು, ಕಣ್ಣ ಮುಂದೆ ಬರೀ ಆ ಕೈ, ಬೂದು ಕೈಗವಸು, ಬಿಗಿದ ಹಗ್ಗ, ಕೈ, ಹಗ್ಗ.